ಬಿಸಿಲೇರುವ ಮುನ್ನ ಸರೋವರ: ಬೇಸಿಗೆಯಲ್ಲಿ ಹಾಂಗ್‌ಝೌಗೆ ಮೂರು ದಿನ

ಬೇಸಿಗೆಯಲ್ಲಿ ಹಾಂಗ್‌ಝೌಗೆ ಹೊರಟವರು ಒಂದು ವಿಷಯ ತಿಳಿದುಕೊಂಡರೆ ಅರ್ಧ ಪ್ರವಾಸ ಗೆದ್ದಂತೆ. ಅಲ್ಲಿನ ಸರೋವರವನ್ನು ಬೆಳಿಗ್ಗೆ ಎಂಟರೊಳಗೆ ನೋಡಬೇಕು, ಇಲ್ಲವೇ ಸಂಜೆ ಐದರ ಮೇಲೆ. ನಡುವಿನ ಹೊತ್ತಿನಲ್ಲಿ ನೀರಿನ ಬಳಿ ನಿಂತರೆ ಬಿಸಿಲು ಮೇಲಿಂದಲೂ ಬಡಿಯುತ್ತದೆ, ಕೆಳಗಿಂದಲೂ ಬಡಿಯುತ್ತದೆ. ಎಷ್ಟೋ ಮಂದಿ ಹತ್ತು ಗಂಟೆಗೆ ಹೋಟೆಲ್ ಬಿಟ್ಟು, ಹನ್ನೆರಡಕ್ಕೆ ಸುಸ್ತಾಗಿ, ಈ ಊರಿನಲ್ಲಿ ಅಂಥದ್ದೇನಿದೆ ಎಂದುಕೊಂಡು ವಾಪಸಾಗುತ್ತಾರೆ. ದಿನದ ಜೋಡಣೆ ಬದಲಾದರೆ ಅದೇ ಊರು ಬೇರೆಯೇ ಆಗಿ ಕಾಣುತ್ತದೆ.

2023ರಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಮೊದಲ ಬಾರಿಗೆ ನೂರರ ಗಡಿ ದಾಟಿ 107 ಪದಕ ಗೆದ್ದಿತಲ್ಲ, ಅದೇ ಹಾಂಗ್‌ಝೌ. ಯಾಂಗ್ಟ್ಸಿ ನದಿಯ ದಕ್ಷಿಣಕ್ಕಿರುವ ಝೆಜಿಯಾಂಗ್ ಪ್ರಾಂತ್ಯದ ರಾಜಧಾನಿ. ಶಾಂಘೈನಿಂದ ವೇಗದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಒಂದು ಕೋಟಿಗೂ ಹೆಚ್ಚು ಜನರಿರುವ ಈ ಮಹಾನಗರ 12 ಮತ್ತು 13ನೇ ಶತಮಾನಗಳಲ್ಲಿ ದಕ್ಷಿಣ ಸೊಂಗ್ ಅರಸರ ರಾಜಧಾನಿಯಾಗಿತ್ತು. ಊರಿನ ಪಶ್ಚಿಮಕ್ಕೆ ಅಂಟಿಕೊಂಡೇ ಷಿ ಹು ಇದೆ, ಅಂದರೆ ಪಶ್ಚಿಮ ಸರೋವರ. ವಿಸ್ತೀರ್ಣ ಸುಮಾರು ಆರೂವರೆ ಚದರ ಕಿಲೋಮೀಟರ್, ಸುತ್ತಳತೆ ಸುಮಾರು 15 ಕಿಲೋಮೀಟರ್. ಮೂರು ಕಡೆ ಗುಡ್ಡ, ಪೂರ್ವಕ್ಕೆ ಪೇಟೆ. 2011ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ದಡಕ್ಕೆ ಬೇಲಿಯಿಲ್ಲ, ಪ್ರವೇಶ ಶುಲ್ಕವಿಲ್ಲ. ನಡುರಾತ್ರಿಯಲ್ಲೂ ಹೋಗಿ ಕೂರಬಹುದು.

ಯಾವಾಗ ಹೋಗಬೇಕು? ಜೂನ್ ಮಧ್ಯದಿಂದ ಜುಲೈ ಮೊದಲ ವಾರದವರೆಗೆ ಆ ಭಾಗದಲ್ಲಿ ಜಿಟಿಜಿಟಿ ಮಳೆಯ ಕಾಲ. ಪ್ಲಮ್ ಹಣ್ಣು ಮಾಗುವ ಹೊತ್ತಿಗೆ ಬರುತ್ತದೆಂದು ಅದನ್ನು ಪ್ಲಮ್ ಮಳೆ ಎನ್ನುತ್ತಾರೆ. ಮಳೆ ಹಿಂದೆ ಸರಿದ ಕೂಡಲೇ ಸೆಖೆ ಶುರು. ಜುಲೈ, ಆಗಸ್ಟ್‌ನಲ್ಲಿ 35 ಡಿಗ್ರಿ ದಾಟುವುದು ಮಾಮೂಲು. 2024ರ ಆಗಸ್ಟ್‌ನಲ್ಲಿ 41 ಡಿಗ್ರಿಯನ್ನೂ ಮೀರಿತ್ತು. ನಮ್ಮ ಕರಾವಳಿಯವರಿಗೆ ಆ ಬೆವರು ಹೊಸದಲ್ಲ, ಬೆಂಗಳೂರು ಮೈಸೂರಿನವರಿಗೆ ಕಷ್ಟ. ಹಾಗಿದ್ದರೂ ಬೇಸಿಗೆಯಲ್ಲೇ ಹೋಗಲು ಒಂದು ಗಟ್ಟಿ ಕಾರಣವಿದೆ: ತಾವರೆ. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಸರೋವರದ ಅಂಚಿನುದ್ದಕ್ಕೂ ತಾವರೆ ಅರಳಿರುತ್ತದೆ. ನನ್ನ ಆಯ್ಕೆ ಜುಲೈನ ಮೊದಲ ಎರಡು ವಾರ. ಮಳೆ ಮುಗಿಯುತ್ತಿರುತ್ತದೆ, ಬಿಸಿಲು ಪೂರ್ತಿ ಬಲಿತಿರುವುದಿಲ್ಲ, ಹೂವು ತುಂಬಿರುತ್ತದೆ. ನಮ್ಮ ಶಾಲೆಗಳ ರಜೆಯನ್ನೇ ನಂಬಿಕೊಂಡವರು ಏಪ್ರಿಲ್‌ನಲ್ಲಿ ಹೋಗಬಹುದು. ಹವೆ ಹಿತವಾಗಿರುತ್ತದೆ, ತಾವರೆ ಮಾತ್ರ ಸಿಗದು. ಮೇ ಮೊದಲ ವಾರ ಬೇಡವೇ ಬೇಡ. ಕಾರ್ಮಿಕ ದಿನದ ರಜೆಗೆ ಚೀನಾದ ಅರ್ಧ ಜನ ಅಲ್ಲೇ ಬಂದಿಳಿದಂತೆ ಇರುತ್ತದೆ.

ಹೋಗುವ ಮುನ್ನ ಈ ಸರೋವರ ಹೇಗೆ ಉಳಿದುಕೊಂಡಿದೆ ಎಂದು ತಿಳಿದುಕೊಳ್ಳುವುದು ಒಳ್ಳೆಯದು. ಇಲ್ಲದಿದ್ದರೆ ಕಣ್ಣೆದುರಿಗಿರುವುದು ಬರೀ ನೀರು, ಸೇತುವೆ ಮತ್ತು ವಿಲೋ ಮರ. ಒಂದು ಕಾಲಕ್ಕೆ ಇದು ಸಮುದ್ರದ ಹಿನ್ನೀರು. ನದಿಯ ಮರಳು ಮಣ್ಣು ಅಡ್ಡಗಟ್ಟಿ ಅದು ಒಳಗೆ ಉಳಿದುಕೊಂಡಿತು. ಹಾಗೆ ಹುಟ್ಟಿದ ನೀರು ತನ್ನ ಪಾಡಿಗೆ ಬಿಟ್ಟರೆ ಹೂಳು ತುಂಬಿ, ಜೊಂಡು ಬೆಳೆದು, ಕೊನೆಗೆ ಹೊಲವಾಗಿಬಿಡುತ್ತದೆ. ಷಿ ಹು ಹಾಗಾಗದಿರಲು ಸಾವಿರ ವರ್ಷಕ್ಕೂ ಮೇಲ್ಪಟ್ಟು ಜನ ಅದರ ಹೂಳೆತ್ತುತ್ತಲೇ ಬಂದಿದ್ದಾರೆ. ನಾವು ಇಂದು ನಡೆಯುವ ಏರಿಗಳು, ದೋಣಿಯಲ್ಲಿ ಹೋಗಿ ಇಳಿಯುವ ನಡುಗಡ್ಡೆಗಳು ಬಹುಪಾಲು ಹಾಗೆ ಎತ್ತಿ ಹಾಕಿದ ಹೂಳೇ.

ಕವಿ ಬೈ ಜುಯಿ 822ರಿಂದ 824ರವರೆಗೆ ಇಲ್ಲಿನ ಆಡಳಿತಾಧಿಕಾರಿಯಾಗಿದ್ದ. ಕಟ್ಟೆ ಎತ್ತರಿಸಿ, ಕೆಳಗಿನ ಗದ್ದೆಗಳಿಗೆ ನೀರು ಬಿಡುವ ಕ್ರಮ ಗೊತ್ತುಮಾಡಿ, ಎಷ್ಟು ನೀರಿಗೆ ಎಷ್ಟು ಗದ್ದೆ ನೆನೆಯುತ್ತದೆಂಬ ಲೆಕ್ಕದ ಸಮೇತ ಕಲ್ಲಿನಲ್ಲಿ ಬರೆಸಿ ಹೋದ. ಅವನು ಕಟ್ಟಿಸಿದ ಏರಿ ಈಗಿಲ್ಲ. ಇಂದು ಬೈ ಏರಿ ಎಂದು ತೋರಿಸುವುದು ಬೇರೊಂದು ಹಳೆಯ ಏರಿ, ಜನ ಅಭಿಮಾನದಿಂದ ಅದಕ್ಕೆ ಅವನ ಹೆಸರಿಟ್ಟರು. ಎರಡೂವರೆ ಶತಮಾನ ಕಳೆದು 1089ರಲ್ಲಿ ಇನ್ನೊಬ್ಬ ಕವಿ ಸು ಷಿ ಅಧಿಕಾರಿಯಾಗಿ ಬಂದಾಗ ಸರೋವರದ ಅರ್ಧದಷ್ಟನ್ನು ಕಳೆ ನುಂಗಿತ್ತು. ಅವನು ರಾಜಧಾನಿಗೆ ಮನವಿ ಬರೆದ. ಬೊಕ್ಕಸದಿಂದ ನೇರ ಹಣದ ಬದಲು ಬೌದ್ಧ ಸನ್ಯಾಸ ದೀಕ್ಷೆಯ ಪ್ರಮಾಣಪತ್ರಗಳು ಬಂದವು. ಅವನ್ನು ಮಾರಿ ಕೂಲಿ ಕೊಡಬೇಕಿತ್ತು. ತೆಗೆದ ಹೂಳನ್ನು ಎಲ್ಲಿಗೆ ಸಾಗಿಸುವುದು? ಸರೋವರದ ನಡುವೆಯೇ ದಕ್ಷಿಣದಿಂದ ಉತ್ತರಕ್ಕೆ ರಾಶಿ ಹಾಕಿಸಿದ. ಅದೇ 2.8 ಕಿಲೋಮೀಟರ್ ಉದ್ದದ ಸು ಏರಿ, ಆರು ಕಲ್ಲಿನ ಸೇತುವೆಗಳ ಏರಿ. ಮತ್ತೆ ಕಳೆ ಹಬ್ಬಬಾರದಲ್ಲ, ಅದಕ್ಕಾಗಿ ಅಂಚಿನ ನೀರನ್ನು ಸಿಂಗಾಡ ಬೆಳೆಯುವವರಿಗೆ ಗುತ್ತಿಗೆ ಕೊಟ್ಟ. ಬೆಳೆ ತೆಗೆಯುವವನು ತನ್ನ ಪಾಲಿನ ಕಳೆಯನ್ನು ಕೀಳಲೇಬೇಕು. ಗುತ್ತಿಗೆಯ ಹಣವೋ ಸರೋವರದ ನಿಗಾಕ್ಕೇ ಹೋಗುತ್ತಿತ್ತು. ಇದರಾಚೆ ನೆಡಕೂಡದು ಎಂದು ತೋರಿಸಲು ನೀರಿನಲ್ಲಿ ಕಲ್ಲಿನ ಪುಟ್ಟ ಗೋಪುರಗಳನ್ನು ನಿಲ್ಲಿಸಿದ. ಮಿಂಗ್ ಕಾಲದಲ್ಲಿ ಹೊಸದಾಗಿ ಕಟ್ಟಿದ ಅಂಥ ಮೂರು ಗೋಪುರಗಳು ಇಂದು ಚೀನಾದ 1 ಯುವಾನ್ ನೋಟಿನ ಹಿಂಬದಿಯಲ್ಲಿವೆ. ಆಡಳಿತದ ಒಂದು ಗಡಿಕಲ್ಲು ನಾಡಿನ ಚಿತ್ರವೇ ಆಗಿ ಬೆಳೆದದ್ದು ನನಗೆ ಈ ಸರೋವರದ ಅತಿ ಸುಂದರ ಕಥೆ.

ಕೆಲಸ ಅಲ್ಲಿಗೆ ನಿಲ್ಲಲಿಲ್ಲ. 1950ರ ದಶಕದ ಆರಂಭದಲ್ಲಿ ಸರೋವರದ ಸರಾಸರಿ ಆಳ ಬರೀ ಅರ್ಧ ಮೀಟರಿನಷ್ಟಿತ್ತು. ಆಗ ನಡೆದ ದೊಡ್ಡ ಹೂಳೆತ್ತುವಿಕೆಯಿಂದ ಅದು 1.8 ಮೀಟರಿಗೆ ಹೆಚ್ಚಿತು. ಈಗ ಎರಡು ಮೀಟರಿಗೂ ಹೆಚ್ಚು. 1980ರ ದಶಕದಿಂದ ಗುಡ್ಡದಾಚೆಯ ಛ್ಯೆನ್‌ತಾಂಗ್ ನದಿಯ ನೀರನ್ನು ಸುರಂಗದ ಮೂಲಕ ತರುತ್ತಿದ್ದಾರೆ. ಆ ನದಿ ಕೆಸರಿನದು. ಹಾಗಾಗಿ ಮೊದಲು ಶುದ್ಧೀಕರಣ ಘಟಕದಲ್ಲಿ ಮಣ್ಣು ಇಳಿಸಿ, ತಿಳಿಯಾದ ಮೇಲೆ ಒಳಗೆ ಬಿಡುತ್ತಾರೆ. ದಿನಕ್ಕೆ ಸುಮಾರು 4 ಲಕ್ಷ ಘನ ಮೀಟರ್, ಅಂದರೆ ತಿಂಗಳು ಕಳೆಯುವಷ್ಟರಲ್ಲಿ ಸರೋವರದ ನೀರು ಹೆಚ್ಚುಕಡಿಮೆ ಪೂರ್ತಿ ಬದಲಾಗುತ್ತದೆ. ಇದನ್ನು ಕಣ್ಣಾರೆ ನೋಡಬಹುದು. ನೈಋತ್ಯದಲ್ಲಿ, ಸು ಏರಿಯ ದಕ್ಷಿಣ ತುದಿಯ ಹತ್ತಿರ ತಾಯ್‌ತ್ಸಿವಾನ್ ಉದ್ಯಾನವಿದೆ. ಅದರ ನಡುವೆ ಸದಾ ಹರಿಯುವ ಕಾಲುವೆಯೇ ನದಿಯ ನೀರು ಬರುವ ದಾರಿ. ಬೇರೆಡೆ ನೀರು ನಿಂತಂತಿದ್ದರೆ ಇಲ್ಲಿ ಅದರ ಓಟ ಕೇಳಿಸುತ್ತದೆ. ಹೊರಗೆ ಹೋಗುವ ತೂಬು ಈಶಾನ್ಯದಲ್ಲಿ, ಪೇಟೆಯ ಮಗ್ಗುಲಲ್ಲಿರುವ ಷೆಂಗ್‌ತಾಂಗ್ ಗೇಟು. ಇವೆರಡನ್ನೂ ನೋಡಿಬಂದವರಿಗೆ ಸರೋವರ ಹೇಗೆ ಉಸಿರಾಡುತ್ತದೆಂದು ಯಾರೂ ವಿವರಿಸಬೇಕಿಲ್ಲ.

ಇನ್ನು ದಿನಗಳ ಜೋಡಣೆ. ತಂಗಲು ಸರೋವರದ ಪೂರ್ವ ದಡದ ಹುಬಿನ್ ಪ್ರದೇಶ ಅನುಕೂಲ. ಮೆಟ್ರೊ ಒಂದನೇ ಮಾರ್ಗದ ಲಾಂಗ್‌ಷಿಯಾಂಗ್‌ಛ್ಯಾವ್ ನಿಲ್ದಾಣದಿಂದ ನೀರಿನವರೆಗೆ ನಡೆದೇ ಹೋಗಬಹುದು. ಬಾಡಿಗೆ ಒಂದಿಷ್ಟು ಜಾಸ್ತಿಯಾದರೂ ಬೇಸಿಗೆಯಲ್ಲಿ ಅದು ವ್ಯರ್ಥವಲ್ಲ, ಏಕೆಂದರೆ ಮಧ್ಯಾಹ್ನ ಕೋಣೆಗೆ ಬಂದು ಸ್ನಾನ ಮಾಡಿ ಮಲಗಿ ಏಳುವುದು ಇಲ್ಲಿ ಕಾರ್ಯಕ್ರಮದ ಭಾಗ.

ಇಡೀ ಚೀನಾಕ್ಕೆ ಒಂದೇ ಗಡಿಯಾರ, ನಮಗಿಂತ ಎರಡೂವರೆ ಗಂಟೆ ಮುಂದೆ. ಹಾಂಗ್‌ಝೌ ಪೂರ್ವದ ಅಂಚಿನಲ್ಲಿರುವುದರಿಂದ ಜುಲೈನಲ್ಲಿ ಸೂರ್ಯ ಐದು ಗಂಟೆಯ ಸುಮಾರಿಗೇ ಹುಟ್ಟುತ್ತಾನೆ. ಆಗ ನಮ್ಮ ಊರಲ್ಲಿ ರಾತ್ರಿ ಎರಡೂವರೆ. ಬಂದಿಳಿದ ಮರುದಿನವೇ ಬೆಳಗಿನ ಜಾವ ಎದ್ದೇಳುತ್ತೇನೆಂಬ ಹಟ ಬೇಡ. ಆ ಮರುದಿನವನ್ನೇ ಮೊದಲ ದಿನವೆಂದುಕೊಂಡರೆ, ಅಂದು ಸಂಜೆಯ ಸರೋವರ, ಎರಡನೆಯ ದಿನದಿಂದ ಬೆಳಗಿನದು.

ಮೊದಲ ಸಂಜೆಗೆ ಲೆಯ್‌ಫೆಂಗ್ ಗೋಪುರ ಸರಿ. 10ನೇ ಶತಮಾನದ ಇಟ್ಟಿಗೆಯ ಗೋಪುರವದು. ಅದರ ಇಟ್ಟಿಗೆ ಶುಭವೆಂದು ಜನ ಒಂದೊಂದಾಗಿ ಕಿತ್ತೊಯ್ದು, 1924ರ ಸೆಪ್ಟೆಂಬರ್ 25ರಂದು ಅದು ಕುಸಿದೇಬಿತ್ತು. ಈಗಿರುವುದು 2002ರಲ್ಲಿ ಹಳೆಯ ಪಾಯವನ್ನು ಒಳಗಿಟ್ಟುಕೊಂಡು ಕಟ್ಟಿದ್ದು. ಎಸ್ಕಲೇಟರ್, ಲಿಫ್ಟ್ ಇವೆ, ವಯಸ್ಸಾದವರೂ ಹತ್ತಬಹುದು. ಮನುಷ್ಯನನ್ನು ಮದುವೆಯಾದ ಬಿಳಿ ಹಾವಿನ ಹೆಣ್ಣನ್ನು ಈ ಗೋಪುರದಡಿ ಬಂಧಿಸಿಟ್ಟರೆಂಬ ಕಥೆ ಚೀನಾದ ಮನೆಮನೆಗೂ ಗೊತ್ತು. ಮೇಲಿನ ಅಂತಸ್ತಿನಲ್ಲಿ ನಿಂತರೆ ಸರೋವರದ ನಕ್ಷೆಯೇ ಕಣ್ಣಿಗೆ ಬೀಳುತ್ತದೆ: ಎಡಗಡೆ ಸು ಏರಿಯ ಗೆರೆ, ನಡುವೆ ನಡುಗಡ್ಡೆಗಳು, ಬಲಗಡೆ ಪೇಟೆಯ ಕಟ್ಟಡಗಳು. ಸೂರ್ಯ ಮುಳುಗುವುದು ಏಳರ ಹೊತ್ತಿಗೆ.

ಎರಡನೆಯ ದಿನ ಬೆಳಿಗ್ಗೆ ಐದೂವರೆಗೆ ತಾವರೆ. ತಾವರೆ ನಸುಕಿನಲ್ಲಿ ಬಿಚ್ಚಿಕೊಂಡು ಬಿಸಿಲೇರಿದಂತೆ ಮುಚ್ಚಿಕೊಳ್ಳುವ ಹೂವು. ಹನ್ನೊಂದಕ್ಕೆ ಹೋದವರಿಗೆ ಮೊಗ್ಗಿನಂಥದ್ದೇ ಸಿಗುವುದು. ಬೈ ಏರಿ ಶುರುವಾಗುವ ಮುರಿದ ಸೇತುವೆಯ ಪಕ್ಕದಲ್ಲಿ ಎಲೆಗಳು ರಸ್ತೆಯ ಅಂಚಿನವರೆಗೂ ಎತ್ತರಕ್ಕೆ ಬೆಳೆದಿರುತ್ತವೆ. ಹೆಸರು ಮುರಿದ ಸೇತುವೆ ಎಂದಿದ್ದರೂ ಅದು ಗಟ್ಟಿಯಾಗಿಯೇ ಇದೆ. ಅಲ್ಲಿಂದ ಒಂದು ಕಿಲೋಮೀಟರ್ ಬೈ ಏರಿ ದಾಟಿ, ಗುಶಾನ್ ನಡುಗಡ್ಡೆ ಹಾದು, ಸು ಏರಿಯ ಉತ್ತರ ತುದಿಯ ಛ್ಯುಯುವಾನ್ ತಾವರೆ ತೋಟಕ್ಕೆ ನಡೆಯಬಹುದು. ದಾರಿಯಲ್ಲಿ ತಾಯ್‌ಚಿ ಮಾಡುವವರು ಸಿಗುತ್ತಾರೆ. ಉದ್ದ ಕೋಲಿನ ತುದಿಗೆ ಸ್ಪಂಜಿನ ಕುಂಚ ಕಟ್ಟಿ, ಅದನ್ನು ಬರೀ ನೀರಿನಲ್ಲಿ ಅದ್ದಿ ಕಲ್ಲಹಾಸಿನ ಮೇಲೆ ಅಕ್ಷರ ಬರೆಯುವ ಹಿರಿಯರಿದ್ದರೆ ಖಂಡಿತ ನಿಂತು ನೋಡಿ. ಅವರು ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲ ಅಕ್ಷರ ಆರಿಹೋಗಿರುತ್ತದೆ, ಅವರೋ ಅದೇ ಜಾಗದಲ್ಲಿ ಮುಂದಿನ ಸಾಲು ಶುರು ಮಾಡುತ್ತಾರೆ. ಎಂಟಕ್ಕೆ ದೋಣಿ ಹಿಡಿದು ಮೂರು ಗೋಪುರಗಳ ನಡುಗಡ್ಡೆಗೆ ಹೋಗಿಬಂದರೆ ಬೆಳಗಿನ ಪಾಳಿ ಮುಗಿಯಿತು. ನಡುಗಡ್ಡೆಯಲ್ಲಿ ಇಳಿಸುವ ದೊಡ್ಡ ದೋಣಿಗೆ ತಲಾ 55ರಿಂದ 70 ಯುವಾನ್ ಆಸುಪಾಸು. ಯುವಾನ್ ಒಂದಕ್ಕೆ ಹನ್ನೆರಡು ಹದಿಮೂರು ರೂಪಾಯಿಯ ಲೆಕ್ಕ ಇಟ್ಟುಕೊಳ್ಳಿ. ಹುಟ್ಟು ಹಾಕುವ ಸಣ್ಣ ದೋಣಿ ದುಬಾರಿ, ಆದರೆ ಸದ್ದಿಲ್ಲದೆ ಸಾಗುತ್ತದೆ. ನಾಲ್ವರಿದ್ದರೆ ಅದನ್ನೇ ಹಿಡಿಯಿರಿ. ಚಂಡಮಾರುತದ ಮುನ್ಸೂಚನೆ ಇದ್ದ ದಿನ ದೋಣಿಗಳೆಲ್ಲ ಬಂದ್.

ಮಧ್ಯಾಹ್ನಕ್ಕೆ ಗುಡ್ಡದ ನೆರಳು. ಲಿಂಗ್‌ಯಿನ್ ಬೌದ್ಧ ದೇವಾಲಯ ಹಳೆಯ ಮರಗಳ ಕಣಿವೆಯಲ್ಲಿದೆ, ಪಕ್ಕದಲ್ಲೇ ತಣ್ಣನೆಯ ತೊರೆ. ಕ್ರಿ.ಶ. 328ರಲ್ಲಿ ಇದನ್ನು ಕಟ್ಟಿದವರು ಭಾರತದಿಂದ ಬಂದ ಭಿಕ್ಷು ಎಂಬುದು ಅಲ್ಲಿನ ಪರಂಪರೆ. ಚೀನೀಯರು ಅವರನ್ನು ಹ್ವೆಯ್‌ಲಿ ಎನ್ನುತ್ತಾರೆ. ಎದುರಿನ ಸುಣ್ಣಕಲ್ಲಿನ ಗುಡ್ಡ ಕಂಡು, ಇದು ನಮ್ಮ ರಾಜಗೃಹದ ಗೃಧ್ರಕೂಟವೇ, ಇಲ್ಲಿಗೆ ಯಾವಾಗ ಹಾರಿಬಂತು ಎಂದರಂತೆ. ಅದಕ್ಕೇ ಆ ಗುಡ್ಡದ ಹೆಸರು ಇವತ್ತಿಗೂ ಹಾರಿಬಂದ ಶಿಖರ. ಅದರ ಗವಿಗಳಲ್ಲೂ ಬಂಡೆಗಳ ಮೇಲೂ 10ರಿಂದ 14ನೇ ಶತಮಾನದ ನಡುವೆ ಕೆತ್ತಿದ ನೂರಾರು ಮೂರ್ತಿಗಳಿವೆ. ಹೊಟ್ಟೆ ಬಿಟ್ಟುಕೊಂಡು ನಗುತ್ತ ಕೂತ ಮೈತ್ರೇಯ ಎಲ್ಲರಿಗೂ ಅಚ್ಚುಮೆಚ್ಚು. ಹ್ವೆಯ್‌ಲಿ ಅವರ ಸ್ಮಾರಕವಾದ ಸಣ್ಣ ಕಲ್ಲಿನ ಗೋಪುರವೂ ಹತ್ತಿರದಲ್ಲೇ ಇದೆ, ಹೆಚ್ಚಿನವರು ಗಮನಿಸದೆ ದಾಟಿಹೋಗುತ್ತಾರೆ. ನಮ್ಮವರು ಒಂದು ಗಳಿಗೆ ನಿಲ್ಲಬೇಕಾದ ಜಾಗ ಅದು. ಬೇಸಿಗೆ ರಜೆಯಲ್ಲಿ ಇಲ್ಲಿಗೆ ಜನ ಬಹಳ. ಪ್ರವೇಶದ ಸಮಯವನ್ನು ಮುಂಚೆಯೇ ಕಾಯ್ದಿರಿಸಿ, ಪಾಸ್‌ಪೋರ್ಟ್ ಜೊತೆಗಿರಲಿ.

ಮೂರನೆಯ ದಿನಕ್ಕೆ ಚಹಾ. ಲಾಂಗ್‌ಜಿಂಗ್ ಹಸಿರು ಚಹಾ ಹುಟ್ಟುವ ಹಳ್ಳಿಗಳು ಸರೋವರದ ಹಿಂದಿನ ಗುಡ್ಡಗಳಲ್ಲಿವೆ. ಶ್ರೇಷ್ಠ ಎಲೆ ಕೀಳುವುದು ಏಪ್ರಿಲ್ ಮೊದಲ ವಾರಕ್ಕೆ ಮೊದಲು. ಬೇಸಿಗೆಯಲ್ಲಿ ಹೋದವರಿಗೆ ‘ಇವತ್ತೇ ಕಿತ್ತಿದ್ದು’ ಎಂದು ಯಾರಾದರೂ ಪೊಟ್ಟಣ ಚಾಚಿದರೆ ಅದು ಆ ಮೇಲ್ದರ್ಜೆಯ ಎಲೆಯಲ್ಲ ಎಂದು ತಿಳಿಯಿರಿ. ಅಲ್ಲೇ ಇರುವ ರಾಷ್ಟ್ರೀಯ ಚಹಾ ವಸ್ತುಸಂಗ್ರಹಾಲಯಕ್ಕೆ ಟಿಕೆಟ್ ಇಲ್ಲ, ಸೋಮವಾರ ರಜೆ. ಮಕ್ಕಳಿದ್ದರೆ ಲಾಂಗ್‌ಜಿಂಗ್‌ನಿಂದ ಛ್ಯೆನ್‌ತಾಂಗ್ ನದಿಯ ಕಡೆಗೆ ಇಳಿಯುವ ಒಂಬತ್ತು ತೊರೆಗಳ ಕಾಲುದಾರಿ ಹಿಡಿಯಿರಿ. ಮರದ ನೆರಳು, ಪಾದ ಮುಳುಗುವಷ್ಟು ನೀರು. ಊರಿನ ಮಕ್ಕಳೆಲ್ಲ ಅಲ್ಲೇ ಆಡುತ್ತಿರುತ್ತಾರೆ. ತೀರಾ ಸೆಖೆಯಾದರೆ ಇನ್ನೊಂದು ಉಪಾಯವಿದೆ. ಗುಡ್ಡಗಳಡಿ ಕೊರೆದ ಹಳೆಯ ವಾಯುದಾಳಿ ರಕ್ಷಣಾ ಸುರಂಗಗಳನ್ನು ನಗರಾಡಳಿತ ಪ್ರತಿ ಬೇಸಿಗೆಯಲ್ಲಿ ಜನರಿಗೆ ಉಚಿತವಾಗಿ ತೆರೆದಿಡುತ್ತದೆ. ಊರಿನ ಅಜ್ಜ ಅಜ್ಜಿಯರು ಅಲ್ಲಿ ಇಸ್ಪೀಟು, ಪತ್ರಿಕೆ, ಚಹಾದ ಫ್ಲಾಸ್ಕ್ ಸಮೇತ ಕೂತಿರುತ್ತಾರೆ.

ಊಟದ ವಿಷಯ ಸಸ್ಯಾಹಾರಿಗಳಿಗೆ ಚಿಂತೆಯದು, ದಾರಿಯಂತೂ ಇದೆ. ಹೋಟೆಲುಗಳಲ್ಲಿ ಸೊಪ್ಪಿನ ಪಲ್ಯವನ್ನೂ ಹಂದಿ ಕೊಬ್ಬಿನಲ್ಲಿ ಬಾಡಿಸುವುದುಂಟು, ನೂಡಲ್ಸ್‌ನ ಸಾರು ಮಾಂಸದ್ದೇ ಇರುವುದು ಹೆಚ್ಚು. ‘ಮಾಂಸ, ಮೀನು, ಮೊಟ್ಟೆ, ಪ್ರಾಣಿಯ ಕೊಬ್ಬು, ಮಾಂಸದ ಸಾರು ಯಾವುದೂ ಬೇಡ’ ಎಂಬ ವಾಕ್ಯವನ್ನು ಚೀನೀ ಲಿಪಿಯಲ್ಲಿ ಫೋನಿನಲ್ಲಿ ಉಳಿಸಿಕೊಂಡು ತೋರಿಸುವುದು ಎಲ್ಲಕ್ಕಿಂತ ಸುಲಭ. ದೇವಾಲಯಗಳ ಸುತ್ತಮುತ್ತ ಬೌದ್ಧ ಸಸ್ಯಾಹಾರದ ಊಟದಮನೆಗಳಿವೆ. ಸಂಪ್ರದಾಯದ ಪ್ರಕಾರ ಅಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ತಾವರೆ ದಂಟಿನ ತೂತುಗಳಿಗೆ ಅಂಟಕ್ಕಿ ತುಂಬಿ ಬೇಯಿಸಿ, ಹೋಳು ಮಾಡಿ ಸಿಹಿ ಪಾಕ ಸುರಿದ ತಿನಿಸು ಇಲ್ಲಿನ ವಿಶೇಷ. ಅದಕ್ಕಿಂತ ನಾನು ಹೆಚ್ಚು ಇಷ್ಟಪಡುವುದು ತಾವರೆ ದಂಟಿನ ಪುಡಿಯಿಂದ ಎದುರಿಗೇ ಕಲಸಿಕೊಡುವ ಪಾನಕದಂಥ ತಿಂಡಿಯನ್ನು. ಬಟ್ಟಲಿಗೆ ಪುಡಿ ಹಾಕಿ, ಮೊದಲು ಒಂದೆರಡು ಚಮಚ ತಣ್ಣೀರಲ್ಲಿ ಗಂಟಿಲ್ಲದಂತೆ ಕದಡುತ್ತಾರೆ. ಆಮೇಲೆ ಕುದಿಯುವ ನೀರನ್ನು ಒಂದೇ ಧಾರೆಯಲ್ಲಿ ಸುರಿಯುತ್ತ ಒಂದೇ ದಿಕ್ಕಿಗೆ ತಿರುಗಿಸುತ್ತಾರೆ. ಹಾಲಿನ ಬಣ್ಣದ್ದು ನೋಡನೋಡುತ್ತ ಆರಾರೂಟ್ ಗಂಜಿಯಂತೆ ದಪ್ಪಗಾಗಿ ಪಾರದರ್ಶಕವಾಗುತ್ತದೆ. ಮೇಲೆ ಒಣಗಿಸಿದ ಹೂವಿನ ಎಸಳು, ಸಕ್ಕರೆ. ನೀರು ಚೆನ್ನಾಗಿ ಕುದಿಯದಿದ್ದರೆ ಹದ ಬರುವುದಿಲ್ಲ, ಮನೆಗೆ ಪುಡಿ ಕೊಂಡುತರುವವರು ಗಮನಿಸಿ. ಬಿಸಿಲಲ್ಲಿ ಅಲೆದು ಬಂದವರ ಹೊಟ್ಟೆಗೆ ಇದು ತಂಪು ಎಂದು ಅಲ್ಲಿನವರೂ ನಂಬುತ್ತಾರೆ. ಕುಡಿಯುವ ನೀರು ಮಾತ್ರ ಕುದಿಸಿದ್ದೋ ಬಾಟಲಿಯದೋ ಆಗಿರಲಿ.

ಮನೆ ಬಿಡುವ ಮುನ್ನ ಮುಗಿಸಬೇಕಾದ ಕೆಲಸಗಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ವೀಸಾ ಬೇಕೇ ಬೇಕು. ಹತ್ತು ದಿನಗಳ ವೀಸಾರಹಿತ ತಂಗುವಿಕೆಯ ಸೌಲಭ್ಯವಿರುವ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ. ಕರ್ನಾಟಕದವರು ಮುಂಬೈನ ಚೀನೀ ಕಾನ್ಸುಲೇಟ್ ವ್ಯಾಪ್ತಿಗೆ ಬರುತ್ತಾರೆ. 2025ರ ಅಕ್ಟೋಬರ್ ಕೊನೆಯಿಂದ ಭಾರತ ಮತ್ತು ಚೀನಾ ನಡುವೆ ನೇರ ವಿಮಾನಗಳು ಮತ್ತೆ ಶುರುವಾಗಿವೆ. ದೆಹಲಿಯಿಂದ ಶಾಂಘೈಗೆ ಹೋಗಿ ರೈಲು ಹಿಡಿಯುವುದು ಒಂದು ದಾರಿ. ಬೆಂಗಳೂರಿನವರಿಗೆ ಹಾಂಗ್‌ಕಾಂಗ್, ಸಿಂಗಪುರ ಅಥವಾ ಕ್ವಾಲಾಲಂಪುರದಲ್ಲಿ ವಿಮಾನ ಬದಲಿಸುವುದು ಸಲೀಸು.

ಹಣದ ಪಾವತಿ ಫೋನಿನಲ್ಲೇ. ಚೀನಾದ ಪಾವತಿ ಆ್ಯಪ್ ಅಲಿಪೇ ಹುಟ್ಟಿದ ಕಂಪನಿಯ ತವರು ಹಾಂಗ್‌ಝೌ. ಸೌತೆಕಾಯಿ ಮಾರುವವರ ಬಳಿಯೂ ಕ್ಯೂಆರ್ ಕೋಡ್ ಇರುತ್ತದೆ, ಆದರೆ ನಮ್ಮ ಫೋನ್‌ಪೇ ಅಲ್ಲಿ ಕೆಲಸಕ್ಕೆ ಬಾರದು. ಊರಲ್ಲಿರುವಾಗಲೇ ಅಲಿಪೇ ಹಾಕಿಕೊಂಡು, ಪಾಸ್‌ಪೋರ್ಟ್‌ನಿಂದ ಗುರುತು ದೃಢಪಡಿಸಿ, ವೀಸಾ ಅಥವಾ ಮಾಸ್ಟರ್‌ಕಾರ್ಡ್ ಸೇರಿಸಿ. ಬ್ಯಾಂಕ್ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಆನ್‌ಲೈನ್ ವಹಿವಾಟನ್ನು ತೆರೆದಿಡಿ. ಒಟಿಪಿ ಬರುವುದು ಭಾರತದ ಸಂಖ್ಯೆಗೆ, ಆದ್ದರಿಂದ ಆ ಸಿಮ್ ಕೂಡ ಚಾಲ್ತಿಯಲ್ಲಿರಬೇಕು. 200 ಯುವಾನ್‌ವರೆಗಿನ ಪಾವತಿಗೆ ಆ್ಯಪ್‌ನ ಶುಲ್ಕವಿಲ್ಲ, ಮೀರಿದರೆ ಶೇ 3. ಮೆಟ್ರೊ, ಟ್ಯಾಕ್ಸಿ ಎರಡೂ ಅದರೊಳಗೇ ಸಿಗುತ್ತವೆ. ಆದರೂ 300–400 ಯುವಾನ್ ಚಿಲ್ಲರೆ ನೋಟು ಕೈಯಲ್ಲಿರಲಿ.

ಅಲ್ಲಿನ ವೈಫೈ ಅಥವಾ ಸ್ಥಳೀಯ ಸಿಮ್‌ನಲ್ಲಿ ಗೂಗಲ್, ವಾಟ್ಸ್ಆ್ಯಪ್ ತೆರೆಯುವುದಿಲ್ಲ. ಭಾರತದ ಸಿಮ್‌ಗೆ ರೋಮಿಂಗ್ ಪ್ಯಾಕ್ ಹಾಕಿಸಿಕೊಂಡರೆ ಡೇಟಾ ನಮ್ಮ ಕಂಪನಿಯ ಮೂಲಕವೇ ಸುತ್ತಿಬರುವುದರಿಂದ ತೆರೆಯುತ್ತವೆ. ಭಾಷಾಂತರ ಆ್ಯಪ್‌ನ ಚೀನೀ ಕಡತವನ್ನು ಇಳಿಸಿಟ್ಟುಕೊಳ್ಳಿ, ಹೋಟೆಲ್ ವಿಳಾಸವನ್ನು ಚೀನೀ ಲಿಪಿಯಲ್ಲಿ ಚಿತ್ರವಾಗಿ ಉಳಿಸಿಕೊಳ್ಳಿ. ಇನ್ನೊಂದು ವಿಷಯ: 2025ರ ಜೂನ್ 28ರಿಂದ ಚೀನಾದ ಒಳಗಿನ ವಿಮಾನಗಳಲ್ಲಿ ಅಲ್ಲಿನ 3ಸಿ ಎಂಬ ಸುರಕ್ಷತಾ ಗುರುತಿಲ್ಲದ ಪವರ್ ಬ್ಯಾಂಕ್ ಒಯ್ಯುವಂತಿಲ್ಲ. ನಮ್ಮಲ್ಲಿ ಕೊಂಡವುಗಳಲ್ಲಿ ಆ ಗುರುತು ಇರುವುದು ಕಡಿಮೆ, ತಪಾಸಣೆಯಲ್ಲಿ ಅಲ್ಲೇ ಬಿಟ್ಟು ಹೋಗಬೇಕಾಗುತ್ತದೆ.

ರೈಲಿಗೆ ಕಾಗದದ ಟಿಕೆಟ್ ಇಲ್ಲ, ಪಾಸ್‌ಪೋರ್ಟೇ ಟಿಕೆಟ್. 12306 ಎಂಬ ಸರ್ಕಾರಿ ಆ್ಯಪ್‌ನಲ್ಲಿ ಸಾಮಾನ್ಯವಾಗಿ 15 ದಿನ ಮೊದಲು ಬುಕಿಂಗ್ ತೆರೆಯುತ್ತದೆ. ಹೆಸರು ಪಾಸ್‌ಪೋರ್ಟ್‌ನಲ್ಲಿದ್ದಂತೆಯೇ ಇರಬೇಕು. ಶಾಂಘೈ ಹಾದಿಯ ಎರಡನೇ ದರ್ಜೆಗೆ ನೂರು ಯುವಾನ್ ಒಳಗೇ ಆಗುತ್ತದೆ. ಒಳಗೆ ಹೋಗುವಾಗ ಸಾಮಾನಿನ ತಪಾಸಣೆ ಇದೆ, ರೈಲು ಹೊರಡುವ ಕೆಲವು ನಿಮಿಷ ಮುಂಚೆಯೇ ಪ್ಲಾಟ್‌ಫಾರ್ಮಿನ ಗೇಟು ಮುಚ್ಚುತ್ತಾರೆ. ಗುರುತಿನ ಚೀಟಿ ತಾಗಿಸುವ ಯಂತ್ರ ನಿಮ್ಮ ಪಾಸ್‌ಪೋರ್ಟನ್ನು ಓದದಿದ್ದರೆ ಗಾಬರಿಯಾಗದೆ ಸಿಬ್ಬಂದಿ ನಿಂತಿರುವ ಬದಿಯ ಗೇಟಿಗೆ ಹೋಗಿ. ಹಾಂಗ್‌ಝೌನಲ್ಲಿ ಪೂರ್ವ, ಪಶ್ಚಿಮ, ದಕ್ಷಿಣ ಮತ್ತು ಹಳೆಯ ಕೇಂದ್ರ ನಿಲ್ದಾಣ ಎಂದು ಬೇರೆ ಬೇರೆ ಇವೆ, ಒಂದಕ್ಕೂ ಇನ್ನೊಂದಕ್ಕೂ ದೂರ ಬಹಳ. ಹುಬಿನ್‌ನಲ್ಲಿ ಉಳಿದವರಿಗೆ ಮೆಟ್ರೊ ಒಂದನೇ ಮಾರ್ಗದಲ್ಲಿ ನೇರ ಸಿಗುವುದು ಪೂರ್ವ ನಿಲ್ದಾಣ ಮತ್ತು ಕೇಂದ್ರ ನಿಲ್ದಾಣ; ವಾಪಸಿನ ಟಿಕೆಟ್ ತೆಗೆಸುವಾಗಲೇ ಅದನ್ನು ನೋಡಿಕೊಂಡು, ಮುಕ್ಕಾಲು ಗಂಟೆ ಮುಂಚಿತವಾಗಿ ನಿಲ್ದಾಣ ಸೇರಿ.